ಹಾಟ್ ರಾಡ್ ಅಂದರೆ ಯಾವಾಗಲೂ ಹಳೇ ಫೋರ್ಡೇ ಯಾಕೆ?

ಪ್ರಶ್ನೆ: ಹಾಟ್ ರಾಡ್ ಚಿತ್ರ ಎಲ್ಲಿ ನೋಡಿದರೂ ಅದೇ 1932ರ ಫೋರ್ಡ್ ರೋಡ್‌ಸ್ಟರ್. ಮಡ್‌ಗಾರ್ಡ್ ಇಲ್ಲ, ಮೇಲೆ ಟಾಪ್ ಇಲ್ಲ, ಎಂಜಿನ್ ಅರ್ಧ ಹೊರಗೆ. ಅಮೆರಿಕದಲ್ಲಿ ಆಗ ಬೇರೆ ಕಾರುಗಳೇ ಇರಲಿಲ್ವಾ?

ಇದ್ದವು, ಬೇಕಾದಷ್ಟು. ಹಾಟ್ ರಾಡ್ ಅಂದರೆ ವೇಗಕ್ಕಾಗಿ ಕೈಯಾರೆ ಬಿಚ್ಚಿ, ಬದಲಿಸಿ ಕಟ್ಟಿದ ಹಳೇ ಕಾರು. ಆದರೆ ಮೊದಲು ಹಾಟ್ ರಾಡ್ ಕಟ್ಟಿದ ಹುಡುಗರ ಹತ್ತಿರ ದುಡ್ಡಿರಲಿಲ್ಲ. ನೀವು ಹೇಳಿದ ಆ ರೂಪ ಯಾರೋ ಕೂತು ಬಿಡಿಸಿದ ಡಿಸೈನ್ ಅಲ್ಲ. ಯಾವುದು ಅಗ್ಗ, ಯಾವುದು ಹಗುರ ಅನ್ನುವ ಲೆಕ್ಕದಿಂದ ಬಂದದ್ದು. ಚೆಂದದ ಮಾತು ಆಮೇಲಿನದು.

ಜಾಗ ದಕ್ಷಿಣ ಕ್ಯಾಲಿಫೋರ್ನಿಯಾ, ಕಾಲ 1920ರ ದಶಕದ ಕೊನೆ ಮತ್ತು 30ರ ದಶಕ. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳನ್ನು ತಯಾರಿಸಿತ್ತು. ಅದರ ಹಿಂದೆಯೇ ಮಾಡೆಲ್ ಎ ಬಂತು. ಗುಜರಿ ಅಂಗಡಿಗೆ ಹೋದರೆ ಕೈಗೆ ಮೊದಲು ಸಿಗುತ್ತಿದ್ದದ್ದೇ ಫೋರ್ಡ್.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹೆನ್ರಿ ಫೋರ್ಡ್ ಮಹಾ ಹಟಮಾರಿ. ಮುಂದೊಂದು ಹಿಂದೊಂದು ಅಡ್ಡ ಪಟ್ಟಾ ಸ್ಪ್ರಿಂಗ್ ಹಾಕುವ ಪದ್ಧತಿಯನ್ನು ಅವರ ಕಂಪನಿ ಮಾಡೆಲ್ ಟಿಯಿಂದ ಹಿಡಿದು 1948ರ ಕಾರಿನವರೆಗೂ ಬಿಡಲಿಲ್ಲ. ಎಂಜಿನಿಯರುಗಳಿಗೆ ಇದು ತಲೆನೋವಾಗಿರಬಹುದು, ಗ್ಯಾರೇಜ್ ಹುಡುಗರಿಗೆ ಮಾತ್ರ ವರವಾಯಿತು. ಒಂದು ವರ್ಷದ ಕಾರಿನ ಆಕ್ಸಲ್ಲು ಇನ್ನೊಂದು ವರ್ಷದ ಚಾಸಿಗೆ ಸ್ವಲ್ಪ ವೆಲ್ಡಿಂಗ್, ಸ್ವಲ್ಪ ತಿಣುಕಾಟದಲ್ಲಿ ಕೂರುತ್ತಿತ್ತು. 1938ರವರೆಗೆ ಫೋರ್ಡ್ ಕಾರುಗಳಲ್ಲಿ ಬ್ರೇಕ್ ಕೆಲಸ ಮಾಡುತ್ತಿದ್ದದ್ದು ರಾಡು ಇಲ್ಲವೇ ಕೇಬಲ್ಲುಗಳಿಂದ. 1939ರಲ್ಲಿ ಹೈಡ್ರಾಲಿಕ್ ಬ್ರೇಕ್ ಬಂತು. ಒಂದು 39ರ ಕಾರು ಗುಜರಿಗೆ ಬಂದರೆ ಸಾಕು, ಅದರ ಬ್ರೇಕು, ಗೇರ್‌ಬಾಕ್ಸು ಎರಡೂ ಯಾರದ್ದೋ ಹಳೇ ರೋಡ್‌ಸ್ಟರ್‌ಗೆ ಸೇರುತ್ತಿದ್ದವು.

ಇನ್ನು ರೋಡ್‌ಸ್ಟರ್ ಯಾಕೆ? ಅದು ಇಬ್ಬರು ಕೂರುವ, ಬಟ್ಟೆ ಟಾಪಿನ, ಕಿಟಕಿಗೆ ಗಾಜೇ ಇಲ್ಲದ ಕಾರು. ಫೋರ್ಡ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ ಬಾಡಿಗಳಲ್ಲಿ ಒಂದು. 1925ರಲ್ಲಿ ಇಬ್ಬರು ಕೂರುವ ಮಾಡೆಲ್ ಟಿ ಬೆಲೆ 260 ಡಾಲರ್. 20ರ ದಶಕ ಮುಗಿಯುವ ಹೊತ್ತಿಗೆ ಸಂಸಾರಸ್ಥರೆಲ್ಲ ಮಳೆ ಚಳಿಗೆ ಆಗುವ ಮುಚ್ಚಿದ ಕಾರಿನ ಕಡೆ ಹೋದರು. ಹಾಗಾಗಿ ಹಳೇ ರೋಡ್‌ಸ್ಟರ್ ಯಾರಿಗೂ ಬೇಡವಾಯಿತು. ಲಾಸ್ ಏಂಜಲಿಸ್‌ನಲ್ಲಿ ಮಳೆಯೇ ಅಪರೂಪ, ಅಲ್ಲಿನ ಹುಡುಗರಿಗೆ ಇನ್ನೇನು ಬೇಕು? ಟಾಪ್ ಕಿತ್ತರು, ಮಡ್‌ಗಾರ್ಡ್ ಬಿಚ್ಚಿದರು, ಮುಂದಿನ ಗಾಜೂ ಬೋಲ್ಟ್ ಬಿಚ್ಚಿದರೆ ಬರುತ್ತಿತ್ತು. ಬಿಚ್ಚಿದ ಒಂದೊಂದು ತಗಡಿನಿಂದಲೂ ತೂಕ ಇಳಿಯಿತು, ಗಾಳಿಯ ತಡೆ ತಗ್ಗಿತು.

ಓಡಿಸುತ್ತಿದ್ದದ್ದು ಎಲ್ಲಿ ಅಂತ ಗೊತ್ತಾದರೆ ಇದು ಇನ್ನೂ ಅರ್ಥವಾಗುತ್ತದೆ. ಊರಿನಿಂದ ಬೆಟ್ಟ ದಾಟಿದರೆ ಮೊಹಾವಿ ಮರುಭೂಮಿ. ಅಲ್ಲಿ ಮ್ಯುರಾಕ್, ರೋಸಮಂಡ್, ಹಾರ್ಪರ್, ಎಲ್ ಮಿರಾಜ್ ಎಂಬ ಒಣ ಕೆರೆಗಳಿವೆ. ಚಳಿಗಾಲದಲ್ಲಿ ಸ್ವಲ್ಪ ನೀರು ನಿಂತು ಮಣ್ಣನ್ನು ಮಟ್ಟ ಮಾಡುತ್ತದೆ, ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ ಗಟ್ಟಿ ಚಪ್ಪಟೆ ನೆಲವಾಗುತ್ತದೆ. ಮೈಲಿಗಟ್ಟಲೆ ತಿರುವಿಲ್ಲ, ಮರವಿಲ್ಲ. ರಾತ್ರಿಯೇ ಹೊರಟು, ಬೆಳಗ್ಗೆ ಹೆಡ್‌ಲೈಟು ಮಡ್‌ಗಾರ್ಡು ಬಿಚ್ಚಿಟ್ಟು, ಗಡಿಯಾರದ ಎದುರು ಓಡಿಸಿ, ಮತ್ತೆ ಎಲ್ಲಾ ಜೋಡಿಸಿಕೊಂಡು ಅದೇ ಕಾರಿನಲ್ಲಿ ಮನೆಗೆ ಬರುವುದು. ಸೋಮವಾರ ಕೆಲಸಕ್ಕೆ ಹೋಗಲೂ ಅದೇ ಕಾರು ಬೇಕಿತ್ತು.

ಮೊದಮೊದಲು ಅಲ್ಲಿ ಭಾರಿ ಗೊಂದಲ. ಹಲವರು ಒಟ್ಟಿಗೇ ಧೂಳೆಬ್ಬಿಸಿಕೊಂಡು ಓಡುವುದು, ಹಿಂದಿದ್ದವನಿಗೆ ಎದುರಿಗೆ ಏನೂ ಕಾಣದೆ ಅಪಘಾತವಾಗುವುದು. ಇದಕ್ಕೊಂದು ಕಟ್ಟುಪಾಡು ಬೇಕೆಂದು 1937ರಲ್ಲಿ ಕೆಲವು ಕ್ಲಬ್ಬುಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ನಿಮ್ಮ ಪ್ರಶ್ನೆಗೆ ಇಲ್ಲೊಂದು ಖಚಿತ ಉತ್ತರವಿದೆ. ಮೊದಲ ವರ್ಷಗಳಲ್ಲಿ ಈ ಸಂಘ ಮುಚ್ಚಿದ ಕೂಪೆ ಕಾರುಗಳನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಓಡಬೇಕಾ, ರೋಡ್‌ಸ್ಟರ್ ತನ್ನಿ. ರೂಪ ಗಟ್ಟಿಯಾಗಲು ಈ ನಿಯಮದ ಪಾಲು ಸಣ್ಣದಲ್ಲ ಅಂತ ನನ್ನ ಅಂದಾಜು.

ಈಗ 1932ಕ್ಕೆ ಬರೋಣ. ಆ ವರ್ಷ ಫೋರ್ಡ್ ಒಂದೇ ಎರಕದ ವಿ8, ಅಂದರೆ ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್ ತಂದಿತು. 221 ಕ್ಯೂಬಿಕ್ ಇಂಚು, ಅಂದರೆ ಸುಮಾರು 3.6 ಲೀಟರ್, 65 ಅಶ್ವಶಕ್ತಿ. ಅದಕ್ಕೂ ಮುಂಚೆ ಎಂಟು ಸಿಲಿಂಡರ್ ಅಂದರೆ ಬಹುಮಟ್ಟಿಗೆ ಸಾಹುಕಾರರ ಕಾರು. ಇದರ ರೋಡ್‌ಸ್ಟರ್ 500 ಡಾಲರ್‌ಗಿಂತ ಕಡಿಮೆಗೇ ಸಿಗುತ್ತಿತ್ತು. ಆದರೆ ಬಡ ಹುಡುಗರಿಗೆ ಅದೂ ದುಬಾರಿಯೇ. ಅದಕ್ಕೇ ಆರಂಭದಲ್ಲಿ ಒಣ ಕೆರೆಯ ತುಂಬ ಇದ್ದದ್ದು ಟಿ ಮತ್ತು ಎ. 32ರ ಕಾರು ಸೆಕೆಂಡ್ ಹ್ಯಾಂಡ್ ಆಗಿ ಇಳಿಯುವವರೆಗೆ ಕಾಯಬೇಕಾಯಿತು.

ಕಾದದ್ದಕ್ಕೆ ಮೋಸವಾಗಲಿಲ್ಲ. ಈ ವಿ8ನಲ್ಲಿ ವಾಲ್ವ್‌ಗಳು ಬ್ಲಾಕ್ ಒಳಗೇ ಇರುತ್ತವೆ. ಹಾಗಾಗಿ ಮೇಲಿನ ಹೆಡ್ ಬರೀ ಚಪ್ಪಟೆ ಮುಚ್ಚಳ. ಅದನ್ನು ಬಿಚ್ಚಿ ಸ್ವಲ್ಪ ತೆಳು ಮಾಡಿಸಿದರೆ ಕಂಪ್ರೆಷನ್ ಏರುತ್ತದೆ. ಒಂದು ಕಾರ್ಬರೇಟರ್ ಇದ್ದ ಕಡೆ ಎರಡು ಕೂರಿಸುವ ಮ್ಯಾನಿಫೋಲ್ಡ್ (ಗಾಳಿ-ಪೆಟ್ರೋಲನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆ) ಹಾಕಿದರೆ ಇನ್ನಷ್ಟು ಉಸಿರು. ಆಮೇಲೆ ವಾಲ್ವ್‌ಗಳನ್ನು ತೆರೆಯುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಬದಲಿಸುವುದು. ಒಂದು ದೋಷವಿತ್ತು: ಬಿಸಿ ಹೊಗೆ ಹೊರಹೋಗುವ ದಾರಿ ಬ್ಲಾಕ್‌ನಲ್ಲಿ ನೀರಿನ ಜಾಗ ದಾಟಿಕೊಂಡೇ ಹೋಗುತ್ತಿದ್ದರಿಂದ ಎಂಜಿನ್ ಬೇಗ ಕಾಯುತ್ತಿತ್ತು. ಕೆರೆಯಲ್ಲಿ ಓಡುವುದು ಒಂದೆರಡು ಮೈಲಿ ತಾನೇ, ನಡೆದುಹೋಗುತ್ತಿತ್ತು.

ಇನ್ನೊಂದು ಕಾರಣ ಸ್ವಲ್ಪ ವಿಚಿತ್ರ. ಬೇರೆ ಎಷ್ಟೋ ಕಾರುಗಳ ಮಡ್‌ಗಾರ್ಡ್ ಬಿಚ್ಚಿದರೆ ಒಳಗಿನ ಚಾಸಿ ಕುರೂಪವಾಗಿ ಕಾಣುತ್ತದೆ. 32ರ ಫೋರ್ಡ್‌ನಲ್ಲಿ ಚಾಸಿಯ ಪಕ್ಕದ ಹಳಿ ಹೊರಗೆ ಕಾಣುವಂತೆಯೇ ಇತ್ತು. ಅದರ ಮೇಲೆ ಚೆಂದದ ಒಂದು ಗೆರೆಯನ್ನೂ ಒತ್ತಿದ್ದರು. ಮಡ್‌ಗಾರ್ಡ್ ತೆಗೆದ ಮೇಲೂ ಕಾರು ಬೋಳಾಗಿ ಕಾಣಲಿಲ್ಲ. ಕಂಪನಿಯೇ ಹೀಗೆ ಮಾಡಿ ಕೊಟ್ಟಿದೆ ಅನ್ನಿಸುತ್ತಿತ್ತು. ಆ ಬಾಡಿ ಒಂದೇ ವರ್ಷ ಬಂತು, 1933ಕ್ಕೆ ಫೋರ್ಡ್ ಹೊಸ ಆಕಾರಕ್ಕೆ ಹೋಯಿತು.

ಲಾಸ್ ಏಂಜಲಿಸ್‌ನ ಗ್ಯಾರೇಜ್ ಮಾಲೀಕ ವಿಕ್ ಎಡಲ್‌ಬ್ರಾಕ್ ಓಡಿಸಿದ್ದೂ 32ರ ರೋಡ್‌ಸ್ಟರ್ರೇ. ತಮಗೆ ಬೇಕಾದಂಥ ಮ್ಯಾನಿಫೋಲ್ಡ್ ಸಿಗದೆ ತಾವೇ ಮಾಡಿಸಿದರು, 1941ರಲ್ಲಿ ಗಂಟೆಗೆ 120 ಮೈಲಿ ದಾಟಿದರು. ಆಮೇಲೆ ಅದೇ ಅವರ ದೊಡ್ಡ ವ್ಯಾಪಾರವಾಯಿತು. ಕೆರೆಯ ಇನ್ನೊಬ್ಬ ಹುಡುಗ ಎಡ್ ಇಸ್ಕೆಂಡೇರಿಯನ್ ಕಥೆಯೂ ಹಾಗೇ. ಎರಡನೇ ಮಹಾಯುದ್ಧ ಮುಗಿಸಿ ಬಂದು ತಮ್ಮ ಮಾಡೆಲ್ ಟಿಗೆ ಕ್ಯಾಮ್‌ಶಾಫ್ಟ್ ಬೇಕೆಂದರೆ ತಿಂಗಳುಗಟ್ಟಲೆ ಕಾಯಿಸಿದರು. ಸಿಟ್ಟು ಬಂತೋ ಏನೋ, ಯಂತ್ರ ಕೊಂಡು ತಾವೇ ಕ್ಯಾಮ್ ಕಡೆಯಲು ಕೂತರು. ಹುಡುಗರಿಗೆ ಹುಡುಗರೇ ಸಾಮಾನು ಮಾರುವ ಈ ಅಂಗಡಿಗಳಿಂದಲೇ ಮುಂದೆ ಅಮೆರಿಕದಲ್ಲಿ ಒಂದು ಇಡೀ ಉದ್ಯಮ ಬೆಳೆಯಿತು. ವೀಡಾ ಆರ್ ಎಂಬ ಹೆಂಗಸಿನ ಹೆಸರನ್ನೂ ಹೇಳಲೇಬೇಕು. ಗಂಡಸರದ್ದೇ ಆಗಿದ್ದ ಕೆರೆಗೆ ಇಳಿದು ರೋಡ್‌ಸ್ಟರ್ ಓಡಿಸಿದವರು. ಯುದ್ಧದ ವರ್ಷಗಳಲ್ಲಿ ರೇಸ್ ಸುದ್ದಿಪತ್ರ ಅಚ್ಚು ಹಾಕಿಸಿ ಸೈನ್ಯಕ್ಕೆ ಹೋಗಿದ್ದ ಹುಡುಗರಿಗೆ ಕಳಿಸುತ್ತಿದ್ದರು.

ಯುದ್ಧದ ನಂತರ ಎಲ್ಲ ದೊಡ್ಡದಾಯಿತು. 1948ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನಲ್ಲಿ ಸಂಘದ ಪ್ರದರ್ಶನ ನಡೆಯಿತು. ಬೀದಿಯಲ್ಲಿ ರೇಸ್ ಮಾಡುವ ಪುಂಡರು ಅಂತ ಪತ್ರಿಕೆಗಳು ಕಟ್ಟಿದ್ದ ಹೆಸರನ್ನು ತೊಳೆಯುವುದೇ ಅದರ ಉದ್ದೇಶ. ಅಲ್ಲಿಯೇ ಹಾಟ್ ರಾಡ್ ಪತ್ರಿಕೆಯ ಮೊದಲ ಸಂಚಿಕೆಯನ್ನು 25 ಸೆಂಟಿಗೆ ಮಾರಿದರು. ಪತ್ರಿಕೆ ದೇಶದ ಮೂಲೆಮೂಲೆಗೆ ಹೋಯಿತು, ಜೊತೆಗೆ ರೋಡ್‌ಸ್ಟರ್ ಚಿತ್ರವೂ ಹೋಯಿತು. ಕೆರೆಯನ್ನೇ ಕಾಣದ ಊರಿನವರೂ ಅದನ್ನೇ ನೋಡಿ ಕಟ್ಟತೊಡಗಿದರು.

ಚೆಂದಕ್ಕೇ ಬಹುಮಾನ ಕೊಡುವ ಕಾಲವೂ ಬಂತು. 1950ರಲ್ಲಿ ಓಕ್‌ಲೆಂಡ್ ಪ್ರದರ್ಶನದಲ್ಲಿ ಅಮೆರಿಕದ ಅತಿ ಸುಂದರ ರೋಡ್‌ಸ್ಟರ್ ಪ್ರಶಸ್ತಿ ಬಿಲ್ ನೀಕ್ಯಾಂಪ್ ಅವರ 1929ರ ಫೋರ್ಡ್‌ಗೆ ಸಿಕ್ಕಿತು. ಅದೇ ಕಾರನ್ನು ಆಮೇಲೆ ಎಲ್ ಮಿರಾಜ್‌ನಲ್ಲಿ ಗಂಟೆಗೆ 140 ಮೈಲಿಗಿಂತ ಜಾಸ್ತಿ ಓಡಿಸಿದ್ದಾರೆ. ನನಗೆ ಈ ಕಾರಿನ ಮೇಲೆ ಗೌರವ ಬರೋದು ಅದಕ್ಕೇ. 1955ರಲ್ಲಿ ಷೆವರ್ಲೆ ತನ್ನ ಹೊಸ ಹಗುರ ವಿ8 ತಂದಾಗ ಹಳೇ ಫೋರ್ಡ್ ಎಂಜಿನ್ನಿನ ಕಾಲ ಮುಗಿಯಿತು. ಬಾಡಿ ಮಾತ್ರ ಉಳಿಯಿತು. ಫೋರ್ಡ್ ಬಾಡಿಯಲ್ಲಿ ಷೆವರ್ಲೆ ಎಂಜಿನ್, ಯಾರಿಗೂ ಬೇಜಾರಿಲ್ಲ! 1997ರಲ್ಲಿ ಶ್ರೀಮಂತರ ಪೆಬಲ್ ಬೀಚ್ ಪ್ರದರ್ಶನದಲ್ಲಿ ಮೊದಲ ಸಲ ಹಾಟ್ ರಾಡ್‌ಗೆ ಪ್ರತ್ಯೇಕ ವಿಭಾಗ ತೆರೆದರು. ಗೆದ್ದದ್ದು ಡೋನ್ ಸ್ಪೆನ್ಸರ್ ಕಟ್ಟಿದ್ದ 32ರ ರೋಡ್‌ಸ್ಟರ್.

ಈಗ ನೀವು ಚಿತ್ರದಲ್ಲಿ ನೋಡುವುದೆಲ್ಲ ಅಸಲಿ 1932ರ ಕಾರು ಅಂದುಕೊಳ್ಳಬೇಡಿ. ಫೈಬರ್‌ಗ್ಲಾಸ್ ಬಾಡಿಗಳು ಎಷ್ಟೋ ಇವೆ. ಓಹಾಯೋದ ಬ್ರೂಕ್‌ವಿಲ್ ಕಂಪನಿ ಉಕ್ಕಿನಲ್ಲೇ ಹೊಸ ಬಾಡಿ ಒತ್ತಿ ಕೊಟ್ಟಿದೆ. ಅಗ್ಗಕ್ಕೆ ಹುಟ್ಟಿದ ಕಾರಿಗೆ ಈಗ ಲಕ್ಷಗಟ್ಟಲೆ ಸುರಿಯಬೇಕು. ಲಾಸ್ ಏಂಜಲಿಸ್ ಕಡೆ ಇರುವ ಕನ್ನಡಿಗರಿಗೊಂದು ಮಾತು: ಎಲ್ ಮಿರಾಜ್‌ನಲ್ಲಿ ಅದೇ ಹಳೇ ಸಂಘ ಇವತ್ತಿಗೂ ರೇಸ್ ನಡೆಸುತ್ತದೆ. ಹೊರಡುವ ಮುಂಚೆ ಮಳೆ ಬಂದಿದೆಯಾ ಅಂತ ವಿಚಾರಿಸಿ. ಕೆರೆ ಒದ್ದೆಯಾದರೆ ಆ ಸಲದ ರೇಸ್ ಇಲ್ಲ.