ಎಣಿಕೆ ಸರಿಯಿದೆ, ತಾಳ ಸರಿಯಿದೆಯಾ?

ಈಗ ಶಿರಸಿ, ಸಿದ್ದಾಪುರದ ಹಳ್ಳಿಮನೆಗಳಲ್ಲೂ ಬಿಪಿ ಮೆಷಿನ್ ಕಾಣಸಿಗುತ್ತದೆ. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಮೂರು ಸಂಖ್ಯೆ ಮೂಡುತ್ತವೆ. ಮೇಲಿನ ಎರಡು ಬಿಪಿಯವು, ಕೆಳಗಿನದು ನಾಡಿಯದು. ನಾಡಿ 78 ಎಂದು ಬಂದರೆ ಎಲ್ಲರಿಗೂ ಸಮಾಧಾನ. ಆದರೆ ಆ 78 ಬರೀ ಎಣಿಕೆ. ಬಡಿತಗಳು ಸಮನಾದ ಅಂತರದಲ್ಲಿ ಬಂದವೋ, ಅಡ್ಡಾದಿಡ್ಡಿಯಾಗಿ ಬಂದವೋ ಎಂಬುದು ಅದರಲ್ಲಿ ಇಲ್ಲ. ಮೊದಲೆಲ್ಲ ಡಾಕ್ಟರು ಮಣಿಕಟ್ಟು ಹಿಡಿದಾಗ ಎರಡೂ ಒಟ್ಟಿಗೇ ಬೆರಳಿಗೆ ಸಿಗುತ್ತಿದ್ದವು. ಮೆಷಿನ್ ಬಂದ ಮೇಲೆ ಮಣಿಕಟ್ಟು ಹಿಡಿಯುವವರು ಕಮ್ಮಿಯಾದರು. ನನ್ನ ತಕರಾರು ಇಷ್ಟೇ.

ಹೃದಯದ ಮೇಲಿನ ಎರಡು ಕೋಣೆಗಳು ಹೃತ್ಕರ್ಣಗಳು, ಕೆಳಗಿನವು ಹೃತ್ಕುಕ್ಷಿಗಳು. ಪ್ರತಿ ಬಡಿತದ ವಿದ್ಯುತ್ ಸೂಚನೆ ಹುಟ್ಟುವುದು ಬಲ ಹೃತ್ಕರ್ಣದಲ್ಲಿರುವ ಸೈನಸ್ ನೋಡ್ ಎಂಬ ಪುಟ್ಟ ಜಾಗದಲ್ಲಿ. ಏಟ್ರಿಯಲ್ ಫೈಬ್ರಿಲೇಷನ್ ಆದಾಗ ಆ ಶಿಸ್ತು ತಪ್ಪುತ್ತದೆ. ಡಾಕ್ಟರುಗಳು ಇದನ್ನು ಚಿಕ್ಕದಾಗಿ ಎಎಫ್ ಎನ್ನುತ್ತಾರೆ. ಹೃತ್ಕರ್ಣದಲ್ಲಿ ನಿಮಿಷಕ್ಕೆ 350ರಿಂದ 600 ಸಲ ಸೂಚನೆಗಳು ಓಡಾಡುತ್ತವೆ. ಅಷ್ಟು ವೇಗಕ್ಕೆ ಅದರ ಗೋಡೆ ಹಿಂಡಲಾರದು, ಸುಮ್ನೆ ಅದುರುತ್ತಿರುತ್ತದೆ. ಅಷ್ಟೂ ಸೂಚನೆ ಕೆಳಗಿನ ಕೋಣೆಗೆ ಇಳಿದರೆ ಜೀವ ಉಳಿಯುವುದು ಕಷ್ಟ. ಪುಣ್ಯಕ್ಕೆ ನಡುವೆ ಎವಿ ನೋಡ್ ಇದೆ. ಅದು ಹೆಚ್ಚಿನವನ್ನು ತಡೆದು ಕೆಲವನ್ನಷ್ಟೇ ಬಿಡುತ್ತದೆ. ಯಾವುದನ್ನು ಯಾವಾಗ ಬಿಡುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ. ಹಾಗಾಗಿಯೇ ನಾಡಿ ಒಮ್ಮೆ ಬೇಗ, ಒಮ್ಮೆ ತಡ, ಒಮ್ಮೆ ಜೋರು, ಒಮ್ಮೆ ಮೆತ್ತಗೆ.

ಲಯ ತಪ್ಪಿದ್ದೆಲ್ಲ ಎಎಫ್ ಅಲ್ಲ. ಯಕ್ಷಗಾನ ನೋಡುವವರಿಗೆ ಇದನ್ನು ಹೇಳುವುದು ಸುಲಭ. ಮದ್ದಳೆಯವರ ಒಂದು ಪೆಟ್ಟು ಮುಂಚೆ ಬಿದ್ದರೂ ಭಾಗವತರ ತಾಳ ಇದ್ದೇ ಇರುತ್ತದೆ, ಮುಂದಿನ ಪೆಟ್ಟು ಅದಕ್ಕೇ ಬಂದು ಕೂಡುತ್ತದೆ. ಎದೆ ಒಮ್ಮೆ ಧಸಕ್ಕೆಂದು ಮತ್ತೆ ಸರಿಹೋಗುವುದು ಹೀಗೆ. ಎಷ್ಟೋ ಜನರಿಗೆ ಆಗುತ್ತದೆ, ಬಹುಪಾಲು ಗಾಬರಿಯ ಸಂಗತಿಯಲ್ಲ. ಎಎಫ್‌ನಲ್ಲಿ ಭಾಗವತರೇ ಇಲ್ಲ. ಎಷ್ಟು ಹೊತ್ತು ಕೇಳಿದರೂ ತಾಳ ಹಿಡಿಯಲು ಬರುವುದಿಲ್ಲ.

ಇಷ್ಟಾದರೂ ಹೆದರಬೇಕಾದದ್ದು ಬಡಿತಕ್ಕಿಂತ ಹೆಚ್ಚಾಗಿ ಹೆಪ್ಪಿಗೆ. ಎಡ ಹೃತ್ಕರ್ಣಕ್ಕೆ ಅಂಟಿಕೊಂಡು ಒಂದು ಕಿರುಚೀಲವಿದೆ. ಕೋಣೆ ಹಿಂಡದಿದ್ದರೆ ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟುತ್ತದೆ. ಕವಾಟದ ತೊಂದರೆ ಇಲ್ಲದ ಎಎಫ್‌ನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಹೆಪ್ಪು ಸಿಕ್ಕುವುದು ಈ ಚೀಲದಲ್ಲೇ. ಅದು ಕಳಚಿ ಮಿದುಳಿಗೆ ಹೋದರೆ ಲಕ್ವ. ಎಎಫ್ ಇದ್ದವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು ಎಂದು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನ 1991ರಲ್ಲೇ ತೋರಿಸಿತ್ತು.

ಲಕ್ವ ಹೊಡೆದ ಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಸಮಯ ನಾಲ್ಕೂವರೆ ಗಂಟೆ. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ದೊಡ್ಡ ಆಸ್ಪತ್ರೆಗೆಂದು ಶಿರಸಿಯವರು ಹುಬ್ಬಳ್ಳಿಗೆ ಓಡುತ್ತಾರೆ, ಹತ್ತಿರ ಹತ್ತಿರ 100 ಕಿಲೋಮೀಟರ್. ಕಾರವಾರದಿಂದ ಮಂಗಳೂರು 250ಕ್ಕೂ ಹೆಚ್ಚು, ಅದಕ್ಕೇ ಅಲ್ಲಿನವರು ಗೋವಾ ಕಡೆ ಮುಖ ಮಾಡುವುದು. ಮಳೆಗಾಲದಲ್ಲಿ ಈ ಲೆಕ್ಕವೂ ನಡೆಯುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು, ನೆನಪಿದೆಯಲ್ಲ. ದೊಡ್ಡ ಆಸ್ಪತ್ರೆ ಪಕ್ಕದ ಬೀದಿಯಲ್ಲಿ ಇರುವವರಿಗಿಂತ ನಮಗೆ ಎಎಫ್ ಮುಂಚೆಯೇ ಗೊತ್ತಾಗುವುದು ಜಾಸ್ತಿ ಮುಖ್ಯ.

ಕಷ್ಟವೆಂದರೆ ಅದು ಎಷ್ಟೋ ಸಲ ಸುದ್ದಿಯಿಲ್ಲದೆ ಬರುತ್ತದೆ. ತೋಟದಿಂದ ಮನೆಗೆ ದಿಬ್ಬ ಹತ್ತುವಾಗ ಮೊದಲಿಲ್ಲದ ಏದುಸಿರು ಬಂದರೆ ವಯಸ್ಸಾಯ್ತು ಅನ್ನುತ್ತೇವೆ. ಎದೆ ಡವಗುಟ್ಟಿದರೆ ಗ್ಯಾಸ್. ವಯಸ್ಸು, ಬಿಪಿ, ಥೈರಾಯ್ಡ್ ಜೋರಾಗಿರುವುದು, ಕುಡಿತ, ಗೊರಕೆಯ ನಡುವೆ ಉಸಿರು ನಿಲ್ಲುವ ತೊಂದರೆ, ಇವೆಲ್ಲ ಎಎಫ್‌ಗೆ ದಾರಿ. ನಮ್ಮ ದೇಶದಲ್ಲಿ ಇನ್ನೊಂದಿದೆ. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರಿಗೆ ಇದು ನಲವತ್ತರೊಳಗೇ ಬರಬಹುದು.

ನೋಡುವ ಕ್ರಮ ಸರಳ. ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಹಿಡಿಯಿರಿ. ಎಣಿಸದಿದ್ದರೂ ನಡೆಯುತ್ತದೆ, ಅಂತರ ಗಮನಿಸಿ. ಕೆಲವು ಬಿಪಿ ಮೆಷಿನ್‌ಗಳು ಲಯ ತಪ್ಪಿದಾಗ ಪರದೆಯ ಮೂಲೆಯಲ್ಲಿ ಹೃದಯದ ಗುರುತೊಂದನ್ನು ತೋರಿಸುತ್ತವೆ. ಅದನ್ನು ಯಾರೂ ನೋಡುವುದೇ ಇಲ್ಲ.

ಹಾಗಾದರೆ ಎಲ್ಲರಿಗೂ ಇಸಿಜಿ ಮಾಡಿಸಬೇಕಾ? ಇಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. 65 ದಾಟಿದವರು ಬೇರೆ ಕೆಲಸಕ್ಕೆ ಆಸ್ಪತ್ರೆಗೆ ಬಂದಾಗ ನಾಡಿ ನೋಡಿ ಎಂದು ಯುರೋಪಿನ ಹೃದಯ ವೈದ್ಯರ ಸಂಘ ಹೇಳುತ್ತದೆ. ಅಮೆರಿಕದ ತಜ್ಞರ ಮಂಡಳಿ 2022ರಲ್ಲಿ ಪುರಾವೆ ಸಾಲದು ಎಂದಿತು. ಡೆನ್ಮಾರ್ಕಿನಲ್ಲಿ ಚರ್ಮದಡಿ ಯಂತ್ರ ಇಟ್ಟು ಹುಡುಕಿದಾಗ ಎಎಫ್ ಮೂರು ಪಟ್ಟಿನಷ್ಟು ಸಿಕ್ಕಿತು, ಲಕ್ವ ಮಾತ್ರ ಖಚಿತವಾಗಿ ಕಡಿಮೆಯಾಗಲಿಲ್ಲ. ಬೆರಳಿಟ್ಟು ನೋಡುವುದಕ್ಕೆ ಖರ್ಚಿಲ್ಲ, ಅದಕ್ಕೆ ನನ್ನ ಮತ. ಸ್ಮಾರ್ಟ್ ವಾಚಿಗೆ ಅರ್ಧ ಮತ. ಆಪಲ್ ವಾಚಿನ ದೊಡ್ಡ ಅಧ್ಯಯನದಲ್ಲಿ ಎಚ್ಚರಿಕೆ ಬಂದವರಿಗೆ ಆಮೇಲೆ ಎದೆಗೆ ಇಸಿಜಿ ಪಟ್ಟಿ ಅಂಟಿಸಿ ನೋಡಿದರು. ಎಎಫ್ ಕಂಡದ್ದು ಮೂರರಲ್ಲಿ ಒಬ್ಬರಿಗೆ ಮಾತ್ರ. ಉಳಿದವರದ್ದೆಲ್ಲ ಸುಳ್ಳೆಚ್ಚರ ಅಂತಲ್ಲ, ಎಎಫ್ ಬಂದು ಹೋಗುವ ಕಾಯಿಲೆ.

ಎಎಫ್ ಎಂದು ಖಚಿತವಾದರೆ ವಯಸ್ಸು, ಬಿಪಿ, ಶುಗರ್, ಹಿಂದಿನ ಲಕ್ವ ಇವನ್ನೆಲ್ಲ ಲೆಕ್ಕ ಹಾಕಿ ಡಾಕ್ಟರು ರಕ್ತ ತೆಳುವಾಗಿಸುವ ಮಾತ್ರೆ ಕೊಡುತ್ತಾರೆ. ಹಳೆಯ ವಾರ್ಫರಿನ್ ಲಕ್ವವನ್ನು ಸುಮಾರು ಮೂರನೇ ಎರಡರಷ್ಟು ತಗ್ಗಿಸುತ್ತದೆ. ಆದರೆ ಪದೇ ಪದೇ ಐಎನ್‌ಆರ್ ಪರೀಕ್ಷೆ ಬೇಕು, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ರಕ್ತಪರೀಕ್ಷೆ. ಒಂದು ವಾರ ಹರಿವೆ, ನುಗ್ಗೆಸೊಪ್ಪು ಭರ್ಜರಿ, ಇನ್ನೊಂದು ವಾರ ಏನೂ ಇಲ್ಲ ಎಂದರೆ ಅದರ ಲೆಕ್ಕ ಕೆಡುತ್ತದೆ. ಜೊಯಿಡಾದ ಒಳಹಳ್ಳಿಯವರಿಗೆ ಈ ಓಡಾಟ ಸಣ್ಣದಲ್ಲ. ಏಪಿಕ್ಸಬಾನ್‌ನಂತಹ ಹೊಸ ಮಾತ್ರೆಗಳಿಗೆ ಐಎನ್‌ಆರ್ ಬೇಡ. ಆದರೆ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರಿಗೆ ಈಗಲೂ ವಾರ್ಫರಿನ್ ಗುಂಪಿನ ಮಾತ್ರೆಯೇ. ಆಸ್ಪಿರಿನ್ ಇದಕ್ಕೆ ಬದಲಿಯಲ್ಲ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆ ಈ ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವದ ಭಯವಿದೆ.

ನಾಡಿಯಲ್ಲಿ ಅನುಮಾನ ಬಂದರೆ ಅದು ಹಾಗೆ ಇರುವಾಗಲೇ ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಹುಬ್ಬಳ್ಳಿಯ ತಜ್ಞರಿಗೇ ತೋರಿಸೋಣ ಎಂದು ಕಾದರೆ ಅಲ್ಲಿ ಮುಟ್ಟುವಷ್ಟರಲ್ಲಿ ಲಯ ಸರಿಹೋಗಿ ಕಾಗದದ ಮೇಲೆ ಏನೂ ಕಾಣದಿರಬಹುದು. ಆ ಹೊತ್ತಿನ ಚೀಟಿಯೇ ಸಾಕ್ಷಿ. ಶಾಖಕ್ಕೆ ಅಚ್ಚು ಮೂಡುವ ಕಾಗದವಾದರೆ ಅಕ್ಷರ ಮಾಸುತ್ತದೆ, ಒಂದು ಜೆರಾಕ್ಸ್ ಮಾಡಿಸಿ, ಫೋನಿನಲ್ಲೂ ಫೋಟೋ ತೆಗೆದಿಡಿ.