ಪೊರಕೆಯ ಕೋಲಿನ ಆಸರೆಯಲ್ಲಿ ನಿಂತ ಹಿಂಬಾಗಿಲು

ಮೊನ್ನೆ ಒಂದು ಫೋರ್ ವೀಲ್ ಡ್ರೈವ್ ಗಾಡಿ ಕೆಲಸಕ್ಕೆ ಬಂತು. ಹಿಂಬಾಗಿಲು ಎತ್ತಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಅಳತೆಗೆ ಸರಿಯಾಗಿ ಕತ್ತರಿಸಿಟ್ಟ ಪೊರಕೆಯ ಕೋಲು. ಬಣ್ಣ ಕೆರೆಯದಿರಲೆಂದು ಅದರ ತುದಿಗೆ ಬಟ್ಟೆ ಸುತ್ತಿದ್ದರು. ಬಣ್ಣದ ಮೇಲಿದ್ದ ಈ ಕಾಳಜಿ ಸ್ವಲ್ಪ ತಲೆಬುರುಡೆಯ ಮೇಲೂ ಇರಬಾರದಿತ್ತೇ ಅನ್ನಿಸಿತು. "ಶಾಕ್‌ನಲ್ಲಿ ಗ್ಯಾಸ್ ಇಳಿದುಹೋಗಿದೆ, ತುಂಬಿಸಿಕೊಡಿ" ಎಂದರು ಮಾಲೀಕರು.

ತುಂಬಿಸುವಂಥದ್ದಲ್ಲ ಅದು. ಅವರು ಶಾಕ್ ಎಂದದ್ದು ಎರಡು ಮಗ್ಗುಲಲ್ಲಿ ನಿಂತು ಹಿಂಬಾಗಿಲನ್ನು ಮೇಲಕ್ಕೆ ತಳ್ಳಿ ಹಿಡಿಯುವ ಗ್ಯಾಸ್ ಸ್ಟ್ರಟ್‌ಗೆ. ಗಾಡಿಗಳಿಗೆ ಬರುವ ಗ್ಯಾಸ್ ಸ್ಟ್ರಟ್ ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಮುಚ್ಚಿ ಬರುವ ಕೊಳವೆ. ಒಳಗೆ ಭಾರೀ ಒತ್ತಡದ ನೈಟ್ರೋಜನ್, ಜೊತೆಗೆ ಒಂದಿಷ್ಟು ಎಣ್ಣೆ. ಇವೆರಡನ್ನೂ ಒಳಗೇ ಹಿಡಿದಿಡುವುದು ಕೊಳವೆಯೊಳಗೆ ಜಾರುವ ರಾಡ್ ಹೊರಬರುವ ಬಾಯಿಯಲ್ಲಿ ಕೂತಿರುವ ಪುಟ್ಟ ರಬ್ಬರ್ ಸೀಲ್. ಸ್ಟ್ರಟ್ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಸೀಲ್ ಕೆಡುವುದಕ್ಕೆ ವಯಸ್ಸೊಂದೇ ಕಾರಣವಲ್ಲ, ನಾವು ಮಾಡುವ ಉಪಚಾರವೂ ಕಾರಣ.

ಆ ಗಾಡಿಯ ರಾಡ್ ಮೇಲೆ ಬೆರಳಾಡಿಸಿದೆ. ಕನ್ನಡಿಯಂತೆ ನುಣುಪಾಗಿರಬೇಕಾದ ಜಾಗದಲ್ಲಿ ಉಗುರಿಗೆ ಸಿಗುವಂಥ ನಾಲ್ಕು ಗೆರೆಗಳು. ಯಾರೋ ಇಕ್ಕಳದಲ್ಲಿ ಹಿಡಿದು ತಿರುಗಿಸಿದ್ದಾರೆ. ಬಾಗಿಲು ಮುಚ್ಚಿ ತೆಗೆದಾಗಲೆಲ್ಲ ಆ ಗೆರೆ ಅರದಂತೆ ಸೀಲನ್ನು ಉಜ್ಜಿದೆ. ಅದರ ಮೇಲೆ ಗ್ರೀಸ್ ಬೇರೆ ಬಳಿದಿದ್ದರು. ಮಣ್ಣಿನ ಹಾದಿಯಲ್ಲಿ ಓಡುವ ಗಾಡಿಯಲ್ಲಿ ಗ್ರೀಸ್ ಎಂದರೆ ದೂಳು ಹಿಡಿಯುವ ಅಂಟು. ದೂಳು ಕಲೆತ ಗ್ರೀಸ್ ಉಪ್ಪುಕಾಗದಕ್ಕೆ ಸಮ. ರಾಡ್‌ಗೆ ಬೇಕಿರುವುದು ಒಣಗಿದ ಮೆತ್ತನೆಯ ಬಟ್ಟೆಯ ಒಂದು ಒರೆಸು, ಅಷ್ಟೇ. ಕೆಸರಿನಲ್ಲಿ ಓಡಿ ಬಂದ ದಿನ ಬಾಗಿಲು ಮುಚ್ಚುವ ಮೊದಲು ಒರೆಸಿದರೆ ಇನ್ನೂ ಒಳ್ಳೆಯದು.

ಇನ್ನೊಂದು ತಪ್ಪು ತಲೆಕೆಳಗಾಗಿ ಕೂರಿಸುವುದು. ಬಾಗಿಲು ಮುಚ್ಚಿದ್ದಾಗ ರಾಡ್ ಕೆಳಮುಖವಾಗಿರಬೇಕು. ಆಗ ಒಳಗಿನ ಎಣ್ಣೆ ಸೀಲ್ ಮೇಲೆ ನಿಂತು ಅದನ್ನು ಒಣಗಲು ಬಿಡುವುದಿಲ್ಲ. ತಿರುಗುಮುರುಗಾಗಿ ಹಾಕಿದರೂ ಮೊದಮೊದಲು ಬಾಗಿಲು ಚೆನ್ನಾಗಿಯೇ ಏಳುತ್ತದೆ. ಹಾಗಾಗಿ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ.

ಚಳಿಯ ಬೆಳಗಿನಲ್ಲಿ ಬಾಗಿಲು ಸ್ವಲ್ಪ ಸೋಮಾರಿಯಾದರೆ ಗಾಬರಿ ಬೇಡ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಸ್ಟ್ರಟ್‌ನ ಬಲ ಶೇಕಡಾ 3ರಿಂದ 4ರಷ್ಟು ಕುಗ್ಗುವುದು ಸಹಜ. ಬಿಸಿಲಿನಲ್ಲೂ ಬಾಗಿಲು ತಾನಾಗಿ ಕುಸಿದರೆ, ಅಥವಾ ರಾಡ್‌ನ ಬುಡದಲ್ಲಿ ಎಣ್ಣೆಯ ಜಿಡ್ಡು ಕಂಡರೆ, ಅದರ ಕಾಲ ಮುಗಿಯಿತೆಂದೇ ಲೆಕ್ಕ.

ಹೊಸದನ್ನು ಕೊಳ್ಳುವಾಗ ಹಳೆಯದರ ಕೊಳವೆಯ ಮೇಲೆ ಅಚ್ಚಾಗಿರುವ ನ್ಯೂಟನ್ ಸಂಖ್ಯೆಯನ್ನು ಓದಿಕೊಳ್ಳಿ. 450 ಎಂದಿದ್ದರೆ ಹೆಚ್ಚುಕಡಿಮೆ 46 ಕಿಲೋ ಭಾರದ ತಳ್ಳು. ಪೂರ್ತಿ ಚಾಚಿದಾಗಿನ ಉದ್ದ, ರಾಡ್ ಒಳಹೋಗುವ ದೂರ, ತುದಿ ಕಚ್ಚಿಕೊಳ್ಳುವ ಲೋಹದ ಗುಂಡಿನ ಅಳತೆ, ಇವೂ ಹೊಂದಬೇಕು. ಗಾಡಿ ಕಂಪನಿಯಿಂದ ಬಂದಂತೆಯೇ ಇದ್ದರೆ ಮಾತು ಇಷ್ಟಕ್ಕೆ ಮುಗಿಯುತ್ತದೆ. ಆದರೆ ಫೋರ್ ವೀಲ್ ಡ್ರೈವ್ ಇಟ್ಟುಕೊಂಡವರು ಹಾಗೆ ಬಿಡುವವರಲ್ಲ. ಹಿಂಬಾಗಿಲಿಗೆ ಮಡಚುವ ಮೇಜು, ದೀಪ, ಇಂಧನದ ಕ್ಯಾನ್, ಏನಾದರೊಂದು ನೇತುಹಾಕುತ್ತಾರೆ.

ಲೆಕ್ಕ ಹೀಗಿದೆ. ಬಾಗಿಲ ಭಾರ 30 ಕಿಲೋ, ಆ ಭಾರದ ನಡುಬಿಂದು ಕೀಲಿನಿಂದ ಅರ್ಧ ಮೀಟರ್ ದೂರ ಎಂದುಕೊಳ್ಳಿ. ಎರಡೂ ಸ್ಟ್ರಟ್ ಕೀಲಿನಿಂದ 20 ಸೆಂಟಿಮೀಟರ್ ಅಂತರದಲ್ಲಿ ನೇರವಾಗಿ ತಳ್ಳುತ್ತಿದ್ದರೆ ಒಂದೊಂದಕ್ಕೂ ಸುಮಾರು 370 ನ್ಯೂಟನ್ ಬೇಕು. ಈಗ ಬಾಗಿಲ ಕೆಳತುದಿಯಲ್ಲಿ, ಕೀಲಿನಿಂದ 90 ಸೆಂಟಿಮೀಟರ್ ದೂರದಲ್ಲಿ, 5 ಕಿಲೋದ ಮೇಜು ಕೂರಿಸಿದಿರಿ. ಒಂದೊಂದು ಸ್ಟ್ರಟ್‌ಗೂ ಇನ್ನೂ 110 ನ್ಯೂಟನ್ ಹೊರೆ! ಕೂಡಿ ಬಂದದ್ದರ ಮೇಲೆ ಶೇಕಡಾ 10ರಿಂದ 15 ಹೆಚ್ಚಿರಲಿ, ಸಾಕು. "ಇರುವುದರಲ್ಲೇ ಗಟ್ಟಿಯಾದದ್ದು ಕೊಡಿ" ಎಂದು ಕೇಳಿ ತಂದರೆ ಬಾಗಿಲು ಮುಚ್ಚಲು ಜೋತುಬೀಳಬೇಕಾಗುತ್ತದೆ, ಕೀಲಿನ ಸುತ್ತಲ ತಗಡು ಬಾಗಿದ್ದನ್ನೂ ನೋಡಿದ್ದೇನೆ.

ಒಂದು ಮಾತ್ರ ಕೆಟ್ಟಿದ್ದರೂ ಜೋಡಿಯಾಗಿಯೇ ಬದಲಿಸಿ. ಇಲ್ಲವಾದರೆ ಬಾಗಿಲು ಒಂದು ಮಗ್ಗುಲಿಗೆ ತಿರುಚಿಕೊಳ್ಳುತ್ತದೆ. ಕೆಲಸಕ್ಕೆ ಇಳಿಯುವ ಮೊದಲು ಬಾಗಿಲಿಗೆ ಗಟ್ಟಿ ಆಸರೆ ಕೊಟ್ಟು, ಹಿಡಿದುಕೊಳ್ಳಲು ಇನ್ನೊಬ್ಬರನ್ನು ನಿಲ್ಲಿಸಿಕೊಳ್ಳಿ. ಎರಡನ್ನೂ ಒಟ್ಟಿಗೆ ಕಳಚಬೇಡಿ. ತುದಿಯ ಲೋಹದ ಕ್ಲಿಪ್ಪಿನ ಅಡಿಗೆ ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ತುಸುವೇ ಮೀಟಿದರೆ ಗುಂಡಿನಿಂದ ಕೈಯಲ್ಲೇ ಎಳೆಯಬಹುದು. ಪೂರ್ತಿ ಕಿತ್ತರೆ ಕ್ಲಿಪ್ಪು ಚಿಮ್ಮಿ ಎಲ್ಲಿಗೆ ಹೋಯಿತೆಂದು ಮೊಣಕಾಲೂರಿ ಹುಡುಕಬೇಕಾಗುತ್ತದೆ. ಗುಂಡು ಸಡಿಲವಾಗಿದೆಯೇ, ಸವೆದಿದೆಯೇ ಎಂದು ಅಲ್ಲಾಡಿಸಿ ನೋಡಲು ಅದೇ ಸರಿಯಾದ ಸಮಯ. ಹೊಸದನ್ನು ಒತ್ತಿದಾಗ 'ಟಕ್' ಎಂಬ ಸದ್ದು ಬರಬೇಕು. ಮೊದಲ ಸಲ ಬಾಗಿಲನ್ನು ಮೆಲ್ಲಗೆ, ಕೊಳವೆ ಎಲ್ಲಿಯೂ ತಗಡಿಗೆ ತಾಗುತ್ತಿಲ್ಲವೆಂದು ನೋಡುತ್ತಾ ಮುಚ್ಚಿ.

ಮಾಲೀಕರು ಹೊರಡುವಾಗ ಹಳೆಯ ಜೋಡಿಯನ್ನು ಕೇಳಿದರು. ಕೊಯ್ದು ತೋಟದ ಗೇಟಿಗೆ ಅಗುಳಿ ಮಾಡುತ್ತಾರಂತೆ. ನಾನು ಕೊಡಲಿಲ್ಲ. ಬಾಗಿಲು ಎತ್ತಲಾರದಷ್ಟು ಸೋತ ಸ್ಟ್ರಟ್‌ನಲ್ಲೂ ಒತ್ತಡ ಉಳಿದಿರುತ್ತದೆ. ಗರಗಸ, ಡ್ರಿಲ್, ಬೆಂಕಿ ತಾಗಿದರೆ ಸಿಡಿಯಬಹುದು. ಪೊರಕೆಯ ಕೋಲನ್ನು ಮಾತ್ರ ಮರೆಯದೆ ವಾಪಸು ಕೊಟ್ಟೆ.