ಹಳೆಯ ಶೈಲಿ, ಹೊಸ ಶೈಲಿ: ಒಂದೇ ದಿನಕ್ಕೆ ಎರಡು ತಾರೀಖು

ಗೆಲಿಲಿಯೋ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದ ಎಂಬ ಮಾತನ್ನು ಬಹಳ ಮಂದಿ ಕೇಳಿರುತ್ತಾರೆ. ಕೇಳಲು ಸೊಗಸು, ಲೆಕ್ಕದಲ್ಲಿ ತಪ್ಪು. ಗೆಲಿಲಿಯೋ ಸತ್ತದ್ದು 1642ರ ಜನವರಿ 8, ಇಟಲಿಯ ಎಣಿಕೆಯಲ್ಲಿ. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25, ಇಂಗ್ಲೆಂಡಿನ ಎಣಿಕೆಯಲ್ಲಿ. ಅದೇ ದಿನ ಇಟಲಿಯಲ್ಲಿ 1643ರ ಜನವರಿ 4 ಆಗಿತ್ತು.

ಇಂಗ್ಲೆಂಡ್ ಆಗ ಬಳಸುತ್ತಿದ್ದ ಜೂಲಿಯನ್ ಎಣಿಕೆಯೇ ‘ಹಳೆಯ ಶೈಲಿ’. ಇಟಲಿ ಅಷ್ಟರಲ್ಲಾಗಲೇ ಒಪ್ಪಿಕೊಂಡಿದ್ದ, ಈಗ ಬಹುತೇಕ ಎಲ್ಲೆಡೆ ಬಳಕೆಯಲ್ಲಿರುವ ಗ್ರೆಗೋರಿಯನ್ ಎಣಿಕೆ ‘ಹೊಸ ಶೈಲಿ’.

ಜೂಲಿಯಸ್ ಸೀಸರನ ಕ್ಯಾಲೆಂಡರಿನಲ್ಲಿ ವರ್ಷವೆಂದರೆ 365 ದಿನ, 6 ಗಂಟೆ. ಋತುಗಳ ಒಂದು ಸುತ್ತು ಅದಕ್ಕಿಂತ ಸುಮಾರು 11 ನಿಮಿಷ ಮೊದಲೇ ಮುಗಿಯುತ್ತದೆ. ಈ ಚಿಕ್ಕ ವ್ಯತ್ಯಾಸ 128 ವರ್ಷಕ್ಕೆ ಒಂದು ದಿನವಾಗಿ ಬೆಳೆಯುತ್ತದೆ. 16ನೇ ಶತಮಾನದ ಹೊತ್ತಿಗೆ ವಸಂತ ವಿಷುವ, ಅಂದರೆ ವಸಂತದಲ್ಲಿ ಹಗಲು ರಾತ್ರಿ ಸಮನಾಗುವ ದಿನ, ಮಾರ್ಚ್ 21ರಿಂದ 11ಕ್ಕೆ ಜಾರಿತ್ತು. ಈಸ್ಟರ್ ಹಬ್ಬದ ಲೆಕ್ಕ ಅದನ್ನೇ ನೆಚ್ಚಿಕೊಂಡಿದ್ದರಿಂದ ಪೋಪ್ 13ನೇ ಗ್ರೆಗರಿ ಸುಧಾರಣೆಗೆ ಕೈಹಾಕಿದರು. 1582ರ ಅಕ್ಟೋಬರ್ 4, ಗುರುವಾರ. ಮರುದಿನ ಅಕ್ಟೋಬರ್ 15, ಶುಕ್ರವಾರ. ವಾರಗಳ ಸಾಲು ಎಲ್ಲೂ ಕಡಿಯಲಿಲ್ಲ ಎಂಬುದನ್ನು ಗಮನಿಸಬೇಕು. ಯಾರ ಆಯುಷ್ಯದಲ್ಲೂ ಹತ್ತು ದಿನ ಕಡಿಮೆಯಾಗಲಿಲ್ಲ, ಬದಲಾದದ್ದು ದಿನದ ಸಂಖ್ಯೆ ಮಾತ್ರ. ಮುಂದೆ ಮತ್ತೆ ಜಾರದಂತೆ 1700, 1800ರಂಥ, 400ರಿಂದ ಭಾಗವಾಗದ ಶತಮಾನ ವರ್ಷಗಳಿಗೆ ಅಧಿಕ ದಿನವನ್ನು (ಫೆಬ್ರವರಿ 29) ತೆಗೆದುಹಾಕಿದರು. ಈ ನಿಯಮದ ಮೂಲ ಸಲಹೆ ಲುಯಿಜಿ ಲಿಲಿಯೋ ಎಂಬ ಇಟಲಿಯ ವೈದ್ಯರದು. ಅದು ಜಾರಿಯಾಗುವ ಮೊದಲೇ ಅವರು ತೀರಿಕೊಂಡಿದ್ದರು.

ಎಲ್ಲ ದೇಶಗಳೂ ಒಟ್ಟಿಗೆ ಬದಲಾಗಲಿಲ್ಲ, ಗೊಂದಲ ಹುಟ್ಟಿದ್ದೇ ಇಲ್ಲಿ. ಬ್ರಿಟನ್ 1752ರಲ್ಲಿ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಕರೆಯಿತು. ಸಾಲದ್ದಕ್ಕೆ ಇಂಗ್ಲೆಂಡಿನಲ್ಲಿ ಅಲ್ಲಿಯವರೆಗೆ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ಜಾರ್ಜ್ ವಾಷಿಂಗ್ಟನ್ ಜನ್ಮದಿನ ಹಳೆಯ ಶೈಲಿಯಲ್ಲಿ 1731ರ ಫೆಬ್ರವರಿ 11, ಹೊಸದರಲ್ಲಿ 1732ರ ಫೆಬ್ರವರಿ 22. ರಷ್ಯಾ ಬದಲಾದದ್ದು 1918ರಲ್ಲಿ. ‘ಅಕ್ಟೋಬರ್ ಕ್ರಾಂತಿ’ಯ ವಾರ್ಷಿಕೋತ್ಸವ ನವೆಂಬರ್ 7ಕ್ಕೆ ಬೀಳುವುದು ಅದಕ್ಕೇ.

ಹಳೆಯ ತಾರೀಖನ್ನು ಹೊಸದಕ್ಕೆ ತಿರುಗಿಸುವಾಗ ಕಣ್ಣುಮುಚ್ಚಿ ಹತ್ತು ಕೂಡಿಸಬೇಡಿ. 1700ರಲ್ಲಿ ಅಂತರ 11 ದಿನಕ್ಕೇರಿತು, 1800ರಲ್ಲಿ 12ಕ್ಕೆ, 1900ರಲ್ಲಿ 13ಕ್ಕೆ. ರಷ್ಯಾದ ಚರ್ಚು ಇಂದಿಗೂ ಹಳೆಯ ಎಣಿಕೆಯಲ್ಲೇ ಇರುವುದರಿಂದ ಅಲ್ಲಿ ಕ್ರಿಸ್ಮಸ್ ಜನವರಿ 7ಕ್ಕೆ. ಚರ್ಚು ಆ ಎಣಿಕೆಯನ್ನು ಬಿಡದಿದ್ದರೆ 2101ರಿಂದ ಅದು ಜನವರಿ 8ಕ್ಕೆ ಸರಿಯುತ್ತದೆ.